ಎಲ್ಲಾ ಗೊತ್ತಿದ್ದ ಮೆಡಿಕಲ್ ವಿದ್ಯಾರ್ಥಿಗಳೇ, ಕೊರೊನಾ ಟೈಮಲ್ಲಿ ನಿಜಕ್ಕೂ ಏನು ಮಾಡಿದಿರಿ?

ಪಿಎಸ್ಎಂ ಪೀಜಿ (ಮೊದಲ ಪೋಸ್ಟ್)

ಎಲ್ಲರಿಗೂ ನಮಸ್ಕಾರ. ನಾನು ಕಮ್ಯುನಿಟಿ ಮೆಡಿಸಿನ್ (ಪಿಎಸ್ಎಂ, ಅಂದ್ರೆ ಸಮುದಾಯದ ಆರೋಗ್ಯ ನೋಡುವ ವಿಭಾಗ) ಪೀಜಿ ವಿದ್ಯಾರ್ಥಿನಿ. ಹೋದ ವಾರ ಡಿಪಾರ್ಟ್‌ಮೆಂಟಿನ ಹಳೇ ಬೀರು ಖಾಲಿ ಮಾಡುವಾಗ 2020ರ ಒಂದು ಸರ್ವೆಯ ಪ್ರಿಂಟೌಟ್ ಕಟ್ಟು ಸಿಕ್ಕಿತು. ಕೊರೊನಾ ಬಗ್ಗೆ ನಮ್ಮ ಎಂಬಿಬಿಎಸ್ ಹುಡುಗ ಹುಡುಗಿಯರು ತುಂಬಿದ್ದು. ನೆನಪಿದೆಯಾ, ಆಗ ದಿನಕ್ಕೊಂದು ಗೂಗಲ್ ಫಾರ್ಮ್ ಬರುತ್ತಿತ್ತು. ಏನು ಗೊತ್ತಿದೆ, ಏನನ್ನಿಸುತ್ತದೆ, ಏನು ಮಾಡುತ್ತೀರಿ ಅಂತ ಮೂರು ಭಾಗ. ಕೆಎಪಿ (ನಾಲೆಡ್ಜ್, ಆಟಿಟ್ಯೂಡ್, ಪ್ರಾಕ್ಟೀಸ್) ಸ್ಟಡಿ ಅನ್ನುತ್ತಾರೆ.

ಓದುತ್ತಾ ಕೂತೆ. ಎಲ್ಲರೂ ಜಾಣರು! ಲಕ್ಷಣ ಗೊತ್ತು, ಹರಡುವ ರೀತಿ ಗೊತ್ತು, ಕೈ ತೊಳೆಯುವ ಕ್ರಮ ಗೊತ್ತು. ‘ಹೊರಗೆ ಹೋಗುವಾಗ ಮಾಸ್ಕ್ ಹಾಕುತ್ತೀರಾ?’ ಯಾವಾಗಲೂ. ‘ಗುಂಪು ಸೇರುವುದನ್ನು ತಪ್ಪಿಸುತ್ತೀರಾ?’ ಯಾವಾಗಲೂ. ಪುಟ ತಿರುಗಿಸಿದರೂ ಅದೇ, ಯಾವಾಗಲೂ.

ಆದರೆ ಆ ಬ್ಯಾಚಿನಲ್ಲಿ ನಾನೂ ಇದ್ದೆ. ನಮ್ಮ ಮೆಸ್ ನೋಡಿದ್ದೇನೆ. 2021ರ ಏಪ್ರಿಲ್‌ನಲ್ಲಿ ನಮ್ಮ ಫ್ಲೋರ್‌ನಲ್ಲಿ ರೂಮಿನ ಮೇಲೆ ರೂಮು ಪಾಸಿಟಿವ್ ಬಂದಿದ್ದೂ ನೋಡಿದ್ದೇನೆ.

ಪ್ರಶ್ನೆ ಇಷ್ಟೇ. ಆಗ ಓದುತ್ತಿದ್ದವರು ಗೊತ್ತಿದ್ದೂ ಯಾವುದನ್ನು ಮಾಡಲಿಲ್ಲ? ಯಾಕೆ? ಬೈಯೋಕಲ್ಲ ಕೇಳುತ್ತಿರುವುದು. ಹೊಸ ಪ್ರಶ್ನಾವಳಿ ಮಾಡುವ ಕೆಲಸ ನನ್ನ ತಲೆಗೆ ಬಂದಿದೆ.

ಮಂಡ್ಯ ಬೆಲ್ಲ

ಆ ಫಾರ್ಮ್ ಕಳಿಸಿದ್ದು ಯಾರು? ಇಂಟರ್ನಲ್ಸ್ ಮಾರ್ಕ್ಸ್ ಹಾಕುವ ಸರ್. ಮೊದಲ ಕಾಲಂ ಏನು? ರೋಲ್ ನಂಬರ್. ‘ಇಲ್ಲ ಸರ್, ನಾನು ಕೈ ತೊಳೆಯಲ್ಲ’ ಅಂತ ಯಾರು ಬರೆಯುತ್ತಾರೆ ಮೇಡಂ?

ಹುಬ್ಳಿ ಗಿರ್ಮಿಟ್

ನಾನು ಆ ಫಾರ್ಮ್ ತುಂಬಿದ್ದು ಮೂರು ಜನ ಒಂದೇ ಮಂಚದ ಮೇಲೆ ಕೂತು, ಒಂದೇ ತಟ್ಟೆಯಲ್ಲಿ ಮಿರ್ಚಿ ತಿನ್ನುತ್ತಾ. ಸಾಮಾಜಿಕ ಅಂತರದ ಪ್ರಶ್ನೆಗೆ ಫುಲ್ ಮಾರ್ಕ್ಸ್.

ವಾರ್ಡ್ ನಂಬರ್ ಏಳು

ನಾನು 2021ರಲ್ಲಿ ಇಂಟರ್ನ್. ಸರ್ಕಾರಿ ಆಸ್ಪತ್ರೆ, ಕೋವಿಡ್ ವಾರ್ಡ್. ನಿಜ ಹೇಳುತ್ತೇನೆ, ವಾರ್ಡಿನಲ್ಲಿ ನಾವು ತಪ್ಪು ಮಾಡಿದ್ದು ಕಡಿಮೆ. ಪಿಪಿಇ ಹಾಕುವಾಗ ಒಬ್ಬರು ಇನ್ನೊಬ್ಬರನ್ನು ನೋಡುತ್ತಿದ್ದೆವು. ತೆಗೆಯುವಾಗ ಇನ್ನೂ ಹುಷಾರು, ಯಾಕಂದ್ರೆ ಹೊರಮೈ ಕೈಗೆ ತಾಗುವುದು ಆಗಲೇ. ಗ್ಲೌಸ್, ಗೌನ್, ಗಾಗಲ್ಸ್, ಕೊನೆಗೆ ಮಾಸ್ಕ್, ಪ್ರತಿ ಹಂತಕ್ಕೂ ಸ್ಯಾನಿಟೈಸರ್. ಆರು ಗಂಟೆ ನೀರಿಲ್ಲ, ಬಾತ್‌ರೂಮಿಲ್ಲ. ಕೆಲವು ಹುಡುಗಿಯರು ಡೈಪರ್ ಹಾಕಿಕೊಂಡು ಬರುತ್ತಿದ್ದರು.

ಆಮೇಲೆ ಏನಾಗುತ್ತಿತ್ತು ಗೊತ್ತಾ? ಡ್ಯೂಟಿ ಮುಗಿಸಿ ಇಂಟರ್ನ್ ರೂಮಿಗೆ ಬಂದು ಎಂಟು ಜನ ಮಾಸ್ಕ್ ಕಿತ್ತು ಬಿಸಾಡಿ, ಬಾಗಿಲು ಹಾಕಿ, ಎಸಿ ಹಾಕಿ, ಒಂದೇ ಬಿರಿಯಾನಿ ಡಬ್ಬಿಗೆ ಕೈ ಹಾಕುತ್ತಿದ್ದೆವು. ನಮ್ಮ ಬ್ಯಾಚಿಗೆ ಕೊರೊನಾ ಬಂದಿದ್ದು ರೋಗಿಗಳಿಂದಲ್ಲ, ಆ ರೂಮಿನಿಂದ ಅಂತ ಇವತ್ತಿಗೂ ನನ್ನ ನಂಬಿಕೆ. ವೈರಸ್ ವಾರ್ಡಿನಲ್ಲಿದೆ, ಫ್ರೆಂಡ್ಸ್ ಹತ್ತಿರ ಇರಲ್ಲ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ನೈಟ್ ಡ್ಯೂಟಿ ಸಿಸ್ಟರ್

ಏಳನೇ ವಾರ್ಡಿನ ಡಾಕ್ಟ್ರೇ, ಸರಿಯಾಗಿ ಹೇಳಿದಿರಿ. ಒಂದು ಸೇರಿಸುತ್ತೇನೆ. ನಾನು ಸ್ಟಾಫ್ ನರ್ಸ್. ನಿಮ್ಮಂಥ ಮಕ್ಕಳು ಮೊದಲ ವಾರ ಪುಸ್ತಕದಲ್ಲಿ ಇದ್ದ ಹಾಗೇ ಮಾಡುತ್ತಿದ್ದರು. ರೌಂಡ್ಸ್‌ಗೆ ಬರುವ ದೊಡ್ಡ ಡಾಕ್ಟರ್ ಮಾಸ್ಕ್ ಮೂಗಿನ ಕೆಳಗೆ ಇಳಿಸಿ ಫೋನಲ್ಲಿ ಮಾತಾಡುವುದನ್ನು ನೋಡಿದ ಮೇಲೆ ಎರಡನೇ ವಾರ ಇವರದ್ದೂ ಇಳಿಯಿತು. ನಾನು ಹೇಳಿದರೆ ‘ಆಯ್ತು ಸಿಸ್ಟರ್’ ಅನ್ನುತ್ತಿದ್ದರು, ಅಷ್ಟೇ. ನಿಮ್ಮ ಫಾರ್ಮಿನಲ್ಲಿ ‘ನಿಮ್ಮ ಯೂನಿಟ್ ಚೀಫ್ ಮಾಸ್ಕ್ ಎಲ್ಲಿತ್ತು’ ಅಂತ ಪ್ರಶ್ನೆ ಇತ್ತಾ?

ಪಿಎಸ್ಎಂ ಪೀಜಿ

ಇರಲಿಲ್ಲ ಸಿಸ್ಟರ್. ಬರೆದುಕೊಂಡೆ.

ಗೊಂಬೆ ಅಂಗಡಿ

ನನಗೆ ಬೇರೆ ತಕರಾರು. ‘ಎಲ್ಲಾ ಗೊತ್ತಿತ್ತು’ ಅನ್ನುತ್ತಿದ್ದೀರಲ್ಲ, ಏನು ಗೊತ್ತಿತ್ತು? 2020ರ ಮಾರ್ಚ್‌ನಲ್ಲಿ ‘ಆರೋಗ್ಯವಂತರು ಮಾಸ್ಕ್ ಹಾಕಬೇಕಾ?’ ಅನ್ನುವ ಪ್ರಶ್ನೆಗೆ ಸರಿ ಉತ್ತರ ‘ಬೇಡ’. ಏಪ್ರಿಲ್ ಮೊದಲ ವಾರ ನಮ್ಮ ಕೇಂದ್ರ ಸರ್ಕಾರವೇ ಮನೆಯಲ್ಲಿ ಬಟ್ಟೆ ಮಾಸ್ಕ್ ಮಾಡಿಕೊಳ್ಳಿ ಅಂತು. ಡಬ್ಲ್ಯುಎಚ್ಒ ಜನಸಾಮಾನ್ಯರಿಗೂ ಬಟ್ಟೆ ಮಾಸ್ಕ್ ಹೇಳಿದ್ದು ಜೂನ್ 5ಕ್ಕೆ. ಅದೇ ಡಬ್ಲ್ಯುಎಚ್ಒ ಮಾರ್ಚ್ 28ಕ್ಕೆ, ಇದು ಗಾಳಿಯಲ್ಲಿ ಹರಡುವ ರೋಗವಲ್ಲ ಅಂತ ದೊಡ್ಡ ಅಕ್ಷರದಲ್ಲಿ ಹಾಕಿತ್ತು. ಆಮೇಲೆ ನಿಧಾನಕ್ಕೆ ದಾರಿ ಬದಲಿಸಿತು.

ಅಂದ್ರೆ ಮಾರ್ಚ್ ಕೊನೆಯಲ್ಲಿ ‘ಗಾಳಿಯಲ್ಲಿ ಹರಡಬಹುದು’ ಅಂತ ಟಿಕ್ ಹಾಕಿದ ಹುಡುಗನಿಗೆ ಸೊನ್ನೆ. ‘ಇಲ್ಲ’ ಅಂದವನಿಗೆ ಒಂದು ಅಂಕ. ಈಗ ಹೇಳಿ, ಯಾರಿಗೆ ಜಾಸ್ತಿ ಗೊತ್ತಿತ್ತು?

ಲ್ಯಾಬ್ ಕೋಟು

ಇದು ಸ್ವಲ್ಪ ಜಾಸ್ತಿ ಆಯ್ತು. ಆ ಹೊತ್ತಿಗೆ ಇದ್ದ ಆಧಾರಕ್ಕೆ ತಕ್ಕಂತೆ ಹೇಳಿದರು, ಆಧಾರ ಬದಲಾದಾಗ ಮಾತು ಬದಲಾಯಿತು. ವಿಜ್ಞಾನ ನಡೆಯುವುದೇ ಹಾಗೆ.

ಗೊಂಬೆ ಅಂಗಡಿ

ವಿಜ್ಞಾನದ ಮೇಲೆ ಸಿಟ್ಟಿಲ್ಲ ಗುರು. ಪ್ರಶ್ನಾವಳಿ ಮೇಲೆ ಸಿಟ್ಟು. ನಾವು ಹಾಲಿನ ಪ್ಯಾಕೆಟ್ ಸೋಪಲ್ಲಿ ತೊಳೆದೆವು, ಕೊತ್ತಂಬರಿ ಸೊಪ್ಪನ್ನು ಅಡುಗೆ ಸೋಡಾದಲ್ಲಿ ನೆನೆಸಿದೆವು. ಕಿಟಕಿ ಮಾತ್ರ ತೆಗೆಯಲಿಲ್ಲ. ಯಾಕಂದ್ರೆ ಕಿಟಕಿ ಬಗ್ಗೆ ಯಾವ ಫಾರ್ಮಿನಲ್ಲೂ ಪ್ರಶ್ನೆ ಇರಲಿಲ್ಲ.

ಮಂಡ್ಯ ಬೆಲ್ಲ

ಸೊಳ್ಳೆ ಬರುತ್ತೆ ಅಂತ ಹಾಸ್ಟೆಲ್ ವಾರ್ಡನ್ ಅವರೇ ಕಿಟಕಿ ಹಾಕಿಸುತ್ತಿದ್ದರು. ಡೆಂಗಿಯೋ ಕೊರೊನಾನೋ, ಒಂದನ್ನು ಆರಿಸಿಕೋ ಮಗನೆ.

ಇಂಟರ್ನ್ ಅಮ್ಮ

ನಾನು ಡಾಕ್ಟರ್ ಅಲ್ಲ. ಮಗಳು ಆಗ ಕೊನೇ ವರ್ಷದಲ್ಲಿದ್ದಳು. 2021ರ ಮೇ 3ನೇ ತಾರೀಕು, ಫೈನಲ್ ಇಯರ್ ವಿದ್ಯಾರ್ಥಿಗಳನ್ನೂ ಫೋನ್ ಮೂಲಕ ಸಲಹೆ ಕೊಡೋಕೆ, ಸೌಮ್ಯ ಲಕ್ಷಣದವರನ್ನು ನೋಡಿಕೊಳ್ಳೋಕೆ ಬಳಸುತ್ತೇವೆ ಅಂತ ಪ್ರಧಾನಿ ಕಚೇರಿಯಿಂದ ಸುದ್ದಿ ಬಂತು. ಅವಳು ಹೋಗುತ್ತೇನೆ ಅಂತ ಹಠ. ನಾನು ಬೇಡ ಅಂತ ಅಳು. ಹೋದಳು.

ಮನೆಗೆ ಬಂದಾಗಲೆಲ್ಲ ಹಿತ್ತಲ ಬಾಗಿಲಿಂದ ಬಚ್ಚಲಿಗೆ, ಬಟ್ಟೆ ಬಿಸಿನೀರಲ್ಲಿ ನೆನೆಸಿ, ಸ್ನಾನ ಮಾಡಿಯೇ ಒಳಗೆ. ನಮ್ಮ ಅತ್ತೆಗೆ ಭಾರಿ ಖುಷಿ. ‘ನೋಡು, ಕೊನೆಗೂ ಡಾಕ್ಟರೋದಿದವಳು ಮಡಿ ಕಲಿತಳು’ ಅಂತ. ಎಲ್ಲ ಮಕ್ಕಳೂ ಬೇಜವಾಬ್ದಾರಿ ಅಲ್ಲ, ಅಷ್ಟು ಹೇಳೋಣ ಅಂತ ಬರೆದೆ.

ಹುಬ್ಳಿ ಗಿರ್ಮಿಟ್

ಅಮ್ಮಾ, ನಿಮ್ಮ ಅತ್ತೆಯವರಿಗೆ ನಮಸ್ಕಾರ. ನಿಜವಾಗಿ ನೋಡಿದರೆ ಹಿರಿಯರ ಮಡಿ ಪದ್ಧತಿಯಲ್ಲಿ ಎಲ್ಲಾ ಇತ್ತಲ್ವಾ?

ಕೆಂಪು ಪೆನ್ನು

ಇಲ್ಲ. ದಯವಿಟ್ಟು ಇದನ್ನು ಶುರು ಮಾಡಬೇಡಿ. ಮಡಿ ‘ಯಾರು’ ಮುಟ್ಟಿದರು ಅಂತ ನೋಡುತ್ತೆ. ಇನ್ಫೆಕ್ಷನ್ ಕಂಟ್ರೋಲ್ ‘ಏನು’ ಮುಟ್ಟಿದೆ ಅಂತ ನೋಡುತ್ತೆ. ಎರಡೂ ಒಂದೇ ಅಂದುಕೊಂಡಿದ್ದಕ್ಕೇ ಬಾಡಿಗೆ ಮನೆಯಿಂದ ನರ್ಸ್‌ಗಳನ್ನು, ನಮ್ಮಂಥ ಪೀಜಿಗಳನ್ನು ಖಾಲಿ ಮಾಡಿ ಅಂದಿದ್ದು. ನನಗೇ ಹೇಳಿದ್ದರು, ‘ನೀವು ಆಸ್ಪತ್ರೆಯವರು, ಲಿಫ್ಟ್ ಬಳಸಬೇಡಿ’ ಅಂತ. ಅದೇ ಓನರ್ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದಿದ್ದರು.

ಇಂಟರ್ನ್ ಅಮ್ಮ

ಸರಿ ಮಗಾ, ಆ ಅರ್ಥದಲ್ಲಿ ಹೇಳಿದ್ದಲ್ಲ. ಅತ್ತೆ ಮಾತು ಸುಮ್ನೆ ತಮಾಷೆಗೆ ಬರೆದೆ.

ಕೆಂಪು ಪೆನ್ನು

ಗೊತ್ತು ಅಮ್ಮ, ನಿಮಗಲ್ಲ ಹೇಳಿದ್ದು. ಗಿರ್ಮಿಟ್‌ಗೆ.

ಹಳೇ ಸ್ಟೆತ್

ನಿವೃತ್ತ ಮೇಷ್ಟ್ರು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ವಿಯೆನ್ನಾ, 1840ರ ದಶಕ. ಒಂದೇ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗ. ಒಂದರಲ್ಲಿ ಮೆಡಿಕಲ್ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಹಲವು ಪಟ್ಟು ಹೆಚ್ಚು. ಅಲ್ಲಿ ಮಾತ್ರ ಸೇರಿಸಬೇಡಿ ಅಂತ ಗರ್ಭಿಣಿಯರು ಕೈಮುಗಿಯುತ್ತಿದ್ದರಂತೆ. ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರ್ ಕಾರಣ ಹುಡುಕಿದ. ಹುಡುಗರು ಬೆಳಗ್ಗೆ ಹೆಣ ಕುಯ್ದು, ಅದೇ ಕೈಯಲ್ಲಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. 1847ರಲ್ಲಿ ಬ್ಲೀಚಿಂಗ್ ಪೌಡರ್ ಜಾತಿಯ ದ್ರಾವಣದಲ್ಲಿ ಕೈ ತೊಳೆಯಲೇಬೇಕು ಅಂತ ನಿಯಮ ಮಾಡಿದ. ಸಾವು ಸರ್ರನೆ ಇಳಿಯಿತು.

ನಾನು ಈ ಕಥೆಯನ್ನು ಎಷ್ಟೋ ಬ್ಯಾಚುಗಳಿಗೆ ಹೇಳಿದ್ದೇನೆ. ಹೇಳಿ ಮುಗಿಸಿ, ಅನಾಟಮಿ ಡಿಸೆಕ್ಷನ್ ಹಾಲಿನ ಸಿಂಕಿನಲ್ಲಿ ಸೋಪು ಇದೆಯಾ ಅಂತ ನಾನೂ ಒಂದು ದಿನ ಹೋಗಿ ನೋಡಲಿಲ್ಲ. ಇರಲಿಲ್ಲ ಅಂತ ರಿಟೈರ್ ಆಗುವ ವರ್ಷ ಒಬ್ಬಳು ಹುಡುಗಿ ಹೇಳಿದಳು.

ವಾರ್ಡ್ ನಂಬರ್ ಏಳು

ಸರ್, ನಮ್ಮ ಸಿಂಕಿನಲ್ಲಿ ಸೋಪಿತ್ತು. ನೀರಿರಲಿಲ್ಲ.

ಕರಾವಳಿ ಕಾಡೆ

ಅಲ್ಲ ಮಾರಾಯ್ರೆ, ಎಲ್ಲರೂ ಸೋಪು ಸೋಪು ಅಂತೀರಿ. ಔಷಧಿ ಕಥೆ ಯಾರೂ ಹೇಳುವುದಿಲ್ಲವಾ? 2020ರ ಮಾರ್ಚ್ ಕೊನೆಗೆ ಐಸಿಎಂಆರ್ ಆರೋಗ್ಯ ಸಿಬ್ಬಂದಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನುವ ಮಲೇರಿಯಾ ಮಾತ್ರೆ ತಗೊಳ್ಳಿ ಅಂತ ಸಲಹೆ ಕೊಟ್ಟಿತು. ಮೊದಲ ದಿನ 400 ಮಿಲಿಗ್ರಾಂ ಎರಡು ಸಲ, ಆಮೇಲೆ ವಾರಕ್ಕೊಮ್ಮೆ 400, ಏಳು ವಾರ. ಅದು ಕೋವಿಡ್ ರೋಗಿಗಳನ್ನು ನೋಡುವವರಿಗೆ. ಆಗ ನಾನು ಸೆಕೆಂಡ್ ಇಯರ್, ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಿದ್ದೆ. ರೋಗಿ ಮುಖ ನೋಡಿರಲಿಲ್ಲ. ಆದರೂ ನುಂಗಿದೆ! ಇಸಿಜಿ ಇಲ್ಲ, ಏನಿಲ್ಲ. ಅಪ್ಪನಿಗೂ ಕೊಟ್ಟೆ, ‘ಡಾಕ್ಟರ್ ಮಗ’ ಅಲ್ವಾ. ಅದೇ ಹೊತ್ತಲ್ಲಿ ನಮ್ಮೂರ ಮೆಡಿಕಲ್ ಶಾಪಿನಲ್ಲಿ ಸಂಧಿವಾತದ ಹೆಂಗಸೊಬ್ಬರು ಅದೇ ಮಾತ್ರೆ ಸಿಗದೆ ವಾಪಸ್ ಹೋದರು. ಅವರು ವರ್ಷಗಳಿಂದ ತಗೊಳ್ಳುತ್ತಿದ್ದದ್ದು. ಈಗಲೂ ನಾಚಿಕೆ ಆಗುತ್ತದೆ.

ಲ್ಯಾಬ್ ಕೋಟು

ಇದು ಒಳ್ಳೇ ಪಾಯಿಂಟ್. ಗೊತ್ತಿಲ್ಲದವನು ಕಷಾಯ ಕುಡಿದ. ಅರ್ಧ ಗೊತ್ತಿದ್ದ ನಾವು ಮಾತ್ರೆ ನುಂಗಿದೆವು. ವಾಲ್ವ್ ಇರುವ ಎನ್ 95 ಕೂಡ ಹಾಗೇ. ದುಡ್ಡು ಕೊಟ್ಟು ತಂದು ಸ್ಟೈಲಾಗಿ ಹಾಕಿದ್ದೆ. ಒಳಗೆ ಬರುವ ಗಾಳಿಯನ್ನು ಸೋಸುತ್ತೆ, ಬಿಡುವ ಉಸಿರನ್ನು ಹಾಗೇ ಬಿಡುತ್ತೆ. ಅದು ಬೇಡ ಅಂತ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಬರೆದದ್ದು 2020ರ ಜುಲೈನಲ್ಲಿ. ಅಲ್ಲಿಯವರೆಗೆ ನಾನು ಸೇಫ್, ಪಕ್ಕದವನ ಕಥೆ ದೇವರಿಗೇ ಗೊತ್ತು.

ಧಾರವಾಡ ಫೇಡಾ

ಧಾರವಾಡದ ವಿಷಯ ಇನ್ನೂ ಯಾರೂ ಎತ್ತಿಲ್ಲ? 2021ರ ನವೆಂಬರ್. ಒಂದು ಮೆಡಿಕಲ್ ಕಾಲೇಜಿನಲ್ಲಿ ಫ್ರೆಶರ್ಸ್ ಕಾರ್ಯಕ್ರಮ ಆಯಿತು. ಮೊದಲು 66 ಜನ ಪಾಸಿಟಿವ್, ಎರಡೇ ದಿನಕ್ಕೆ 281. ದೇಶದ ಟಿವಿಗಳೆಲ್ಲ ನಮ್ಮೂರಿಗೆ ಬಂದವು. ಡಾಕ್ಟರ್ ಆಗುವವರೇ ಹೀಗೆ ಮಾಡಿದರೆ ಅಂತ ಊರೆಲ್ಲಾ ಬೈದರು.

ಬಿಸಿಲು ಕಲಬುರಗಿ

ವ್ಯಾಕ್ಸಿನ್ ಹಾಕಿಸಿಕೊಂಡೂ ಬಂತಲ್ಲ, ಮತ್ತೆ ವ್ಯಾಕ್ಸಿನ್ ಯಾಕೆ ಅಂತ ಆಗ ನಮ್ಮ ಮನೆಯಲ್ಲೂ ಜಗಳ.

ಲ್ಯಾಬ್ ಕೋಟು

ಆ ಸುದ್ದಿಯನ್ನು ಉಲ್ಟಾ ಓದಿದ್ದೇ ತಪ್ಪು. ಹೆಚ್ಚಿನವರಿಗೆ ಎರಡೂ ಡೋಸ್ ಆಗಿತ್ತು, ಹಾಗಾಗಿಯೇ ಬಹುತೇಕರಿಗೆ ಲಕ್ಷಣ ಇರಲಿಲ್ಲ ಅಥವಾ ಸೌಮ್ಯವಾಗಿತ್ತು. ಅಷ್ಟು ಜನರನ್ನು ಒಟ್ಟಿಗೆ ಟೆಸ್ಟ್ ಮಾಡಿದ್ದರಿಂದ ಅಷ್ಟು ಸಿಕ್ಕರು. ಆ ವಾರ ಮದುವೆ ಛತ್ರಗಳಿಗೆ ಹೋಗಿ ಹಾಗೇ ಟೆಸ್ಟ್ ಮಾಡಿದ್ದರೆ ಏನು ಸಿಗುತ್ತಿತ್ತು?

ಧಾರವಾಡ ಫೇಡಾ

ಒಪ್ಪಿದೆ. ಆದರೆ ಎರಡು ಡೋಸ್ ಆಯ್ತು, ಇನ್ನು ಮುಗೀತು ಅನ್ನುವ ಧೈರ್ಯ ಇತ್ತಲ್ಲ, ಅದು ಊರಿನವರಿಗಿಂತ ಮೆಡಿಕಲ್ ಹುಡುಗರಿಗೇ ಜಾಸ್ತಿ ಇತ್ತು. ನನ್ನ ತಂಗಿ ಬೇರೆ ಕಾಲೇಜು. ಅವಳೇ ಹೇಳಿದ್ದು, ‘ನಮಗೆ ಆಂಟಿಬಾಡಿ ಇದೆ ಅಣ್ಣಾ’ ಅಂತ. ಬಾಯಲ್ಲಿ ಇಂಗ್ಲಿಷ್, ಮೂಗಿನ ಮೇಲೆ ಮಾಸ್ಕ್ ಇಲ್ಲ.

ಮಲೆನಾಡ ಜಿಗಣೆ

ನಾನು ಸಾಗರದ ಕಡೆಯವನು. ನಮಗೆ ಇದೆಲ್ಲ ಹೊಸದಲ್ಲ. ಮಂಗನ ಕಾಯಿಲೆ ಗೊತ್ತಲ್ಲ? 1957ರಲ್ಲಿ ಕ್ಯಾಸನೂರು ಕಾಡಿನ ಹತ್ತಿರ ಪತ್ತೆಯಾದದ್ದು, ಉಣುಗಿನಿಂದ (ಉಣ್ಣೆ ಹುಳ) ಬರುತ್ತದೆ. 2019ರಲ್ಲಿ ಅರಳಗೋಡು ಕಡೆ ತುಂಬಾ ಜನ ಸತ್ತರು. ಕಾಡಿಗೆ ಹೋಗುವಾಗ ಮೈಗೆ ಎಣ್ಣೆ ಹಚ್ಚಿಕೊಳ್ಳಿ ಅಂತ ಪಿಎಚ್‌ಸಿಯಿಂದ ಬಾಟಲಿ ಕೊಡುತ್ತಾರೆ. ಪ್ರತಿ ಮನೆಯಲ್ಲೂ ಬಾಟಲಿ ಇದೆ. ಯಾವ ಅಜ್ಜನನ್ನು ಕೇಳಿದರೂ ಉಣುಗು, ಮಂಗ, ಜ್ವರ, ಎಲ್ಲಾ ಹೇಳುತ್ತಾನೆ. ನಿಮ್ಮ ಫಾರ್ಮ್ ಕೊಟ್ಟರೆ ಪಾಸ್. ಆದರೆ ದರಗು (ಕಾಡಿನ ಒಣಗಿದ ಎಲೆ) ಗುಡಿಸಲು ಹೋಗುವಾಗ ಎಣ್ಣೆ ಹಚ್ಚುವುದಿಲ್ಲ. ಅಂಟು ಅಂಟು, ಬೆವರು, ಎಲೆಪುಡಿ ಮೈಗೆಲ್ಲ ಮೆತ್ತಿಕೊಳ್ಳುತ್ತೆ. ಅದಕ್ಕೆ.

ಹೊರಗಿಂದ ಬಂದ ಮೆಡಿಕಲ್ ಹುಡುಗರು ಜನಕ್ಕೆ ತಿಳಿವಳಿಕೆ ಇಲ್ಲ ಅಂತ ಬರೆದುಕೊಂಡು ಹೋಗುತ್ತಾರೆ. ಒಂದು ದಿನ ಆ ಎಣ್ಣೆ ಹಚ್ಚಿಕೊಂಡು ದರಗು ಹೊತ್ತು ನೋಡಲಿ.

ಪಿಎಸ್ಎಂ ಪೀಜಿ

ಜಿಗಣೆ ಅಣ್ಣ, ಇದು ಚೆನ್ನಾಗಿದೆ. ಪಿಪಿಇಯಲ್ಲಿ ಆರು ಗಂಟೆ ಬೆಂದವರು ಹೊರಗೆ ಬಂದ ತಕ್ಷಣ ಮಾಸ್ಕ್ ಕೀಳುವುದೂ ಇದೇ ಅಲ್ವಾ.

ಹುಬ್ಳಿ ಗಿರ್ಮಿಟ್

ಮೆಸ್ ವಿಷಯಕ್ಕೆ ಬರೋಣ. ನಮ್ಮಲ್ಲಿ ಮೆಸ್ ಟೈಮ್ 45 ನಿಮಿಷ ಅಷ್ಟೇ. ಇನ್ನೂರು ಜನ. ಅಂತರ ಬಿಟ್ಟು ಕೂರಿ ಅಂತ ಗೋಡೆ ಮೇಲೆ ಪೋಸ್ಟರ್. ಅಂತರ ಬಿಟ್ಟು ಕೂತರೆ ಕೊನೆಯವನಿಗೆ ಸಾರಿನ ತಳ.

ಮಂಡ್ಯ ಬೆಲ್ಲ

ನಿಮ್ಮಲ್ಲಿ ಸಾರಿಗೆ ತಳ ಅಂತ ಬೇರೆ ಇತ್ತಾ? ನಮ್ಮಲ್ಲಿ ಮೇಲಿಂದಲೇ ತಳ ಕಾಣುತ್ತಿತ್ತು.

ಅಡ್ಮಿನ್

ಮೆಸ್ ಸಾರಿನ ಬಗ್ಗೆ ಈಗಾಗಲೇ ಬೇರೆ ಥ್ರೆಡ್ ಇದೆ.

ರೂಮ್ 214

ತುಂಬಾ ಹೊತ್ತು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಹೊಸ ಐಡಿ ಮಾಡಿಕೊಂಡು ಬಂದಿದ್ದೇನೆ.

2021ರ ಮಾರ್ಚ್ ಕೊನೆ. ಇಂಟರ್ನಲ್ಸ್ ಹತ್ತಿರ ಇತ್ತು. ನನಗೆ ಕ್ಲಿನಿಕಲ್ ಪೋಸ್ಟಿಂಗ್ ಹಾಜರಿ ಮೊದಲೇ ಕಡಿಮೆ. ಥಿಯರಿಗೆ ಶೇಕಡಾ 75, ಪ್ರಾಕ್ಟಿಕಲ್‌ಗೆ 80 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ನಿಮಗೆಲ್ಲ ಗೊತ್ತು. ಒಂದು ರಾತ್ರಿ ಮೈಕೈ ನೋವು, ಜ್ವರ. ಬೆಳಗ್ಗೆ ಕಾಫಿ ವಾಸನೆ ಬರಲಿಲ್ಲ. ಕಾಫಿ ಪುಡಿ ಡಬ್ಬಿ ತೆಗೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಟೆಸ್ಟ್ ಮಾಡಿಸಿದರೆ ಹದಿನಾಲ್ಕು ದಿನ ಹೋಯಿತು. ಹಾಜರಿ ಹೋಯಿತು, ಪರೀಕ್ಷೆ ಹೋಯಿತು, ಜೂನಿಯರ್ಸ್ ಜೊತೆ ಕೂರಬೇಕು. ಪಾಸಿಟಿವ್ ಆದವರಿಗೆ ಹಾಜರಿ ಕೊಡುತ್ತಾರಾ ಅಂತ ಕ್ಲರ್ಕ್ ಹತ್ತಿರ ಸುತ್ತಿ ಬಳಸಿ ಕೇಳಿದೆ. ‘ಸರ್ಕ್ಯುಲರ್ ಬಂದಿಲ್ಲ’ ಅಂದರು. ಡೋಲೋ ತಗೊಂಡು ಪೋಸ್ಟಿಂಗ್‌ಗೆ ಹೋದೆ. ನಾಲ್ಕು ದಿನ. ಮಾಸ್ಕ್ ಮಾತ್ರ ಎರಡು ಹಾಕಿದ್ದೆ. ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರಿಗೆ ಮೊದಲು ಮುಖ ತಣ್ಣೀರಲ್ಲಿ ತೊಳೆಯುತ್ತಿದ್ದೆ.

ಐದನೇ ದಿನ ನನ್ನ ರೂಮ್‌ಮೇಟ್‌ಗೆ ಜ್ವರ. ಅವನು ಟೆಸ್ಟ್ ಮಾಡಿಸಿದ, ಪಾಸಿಟಿವ್. ಅವನಿಗೆ ಹದಿನೇಳು ದಿನ ಹೋಯಿತು, ಎರಡು ದಿನ ಆಕ್ಸಿಜನ್ ಬೇಕಾಯಿತು. ನನ್ನನ್ನು ಅವನ ‘ಕಾಂಟ್ಯಾಕ್ಟ್’ ಅಂತ ಬರೆದುಕೊಂಡರು. ಯಾರಿಂದ ಯಾರಿಗೆ ಅಂತ ಉಲ್ಟಾ ಬರೆದಿದ್ದಾರೆ ಅಂತ ನನಗೊಬ್ಬನಿಗೇ ಗೊತ್ತಿತ್ತು. ಇವತ್ತಿಗೂ ಅವನಿಗೆ ಹೇಳಿಲ್ಲ.

ಆ ಸರ್ವೆ ನಾನೂ ತುಂಬಿದ್ದೆ. ‘ಲಕ್ಷಣ ಕಂಡರೆ ಪ್ರತ್ಯೇಕವಾಗಿ ಇರುತ್ತೀರಾ?’ ಹೌದು, ಖಂಡಿತ.

ಕೆಂಪು ಪೆನ್ನು

ವಾರ್ಡಿನಲ್ಲಿ ರೋಗಿಗಳನ್ನೂ ಮುಟ್ಟಿದಿರಿ ಆ ನಾಲ್ಕು ದಿನ. ಅದನ್ನು ಬಿಟ್ಟಿದ್ದೀರಿ.

ರೂಮ್ 214

ಬಿಟ್ಟಿಲ್ಲ. ಬರೆಯೋಕೆ ಆಗಲಿಲ್ಲ.

ಗೊಂಬೆ ಅಂಗಡಿ

ಇವರಿಗೆ ಕಲ್ಲು ಹೊಡೆಯುವ ಮೊದಲು ಆ ಕ್ಲರ್ಕ್ ಮಾತು ಇನ್ನೊಮ್ಮೆ ಓದಿ. ಸರ್ಕ್ಯುಲರ್ ಬಂದಿದ್ದರೆ ಇವರು ಅವತ್ತೇ ಸ್ವ್ಯಾಬ್ ಕೊಡುತ್ತಿದ್ದರು.

ಕೆಂಪು ಪೆನ್ನು

ಕೊಡುತ್ತಿದ್ದರೇನೋ. ದೇಶದ ಮೊದಲ ಕೇಸ್ ಯಾರು ಅಂತ ನೆನಪಿದೆಯಾ? 2020ರ ಜನವರಿ 30, ತ್ರಿಶೂರ್. ವುಹಾನ್‌ನಿಂದ ಬಂದ ಮೆಡಿಕಲ್ ವಿದ್ಯಾರ್ಥಿನಿ. ಗಂಟಲು ಕೆರೆತ ಬಂದ ಕೂಡಲೇ ಆಕೆಯೇ ಆರೋಗ್ಯ ಇಲಾಖೆಗೆ ಫೋನ್ ಮಾಡಿದಳು. ಅವಳೂ ವಿದ್ಯಾರ್ಥಿನಿಯೇ.

ನೈಟ್ ಡ್ಯೂಟಿ ಸಿಸ್ಟರ್

ಹೌದು. ಆದರೆ ಅವಳು ಫೋನ್ ಮಾಡಿದಾಗ ಆ ಕಡೆ ಎತ್ತುವವರು ಇದ್ದರು. ಮನೆಗೆ ಬಂದು ಕರೆದುಕೊಂಡು ಹೋಗುವವರಿದ್ದರು. ಈ ಮಗು ಫೋನ್ ಮಾಡಿದ್ದರೆ ಯಾರು ಎತ್ತುತ್ತಿದ್ದರು? ನಮ್ಮ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳಿಗೆ ಅಂತ ಐಸೊಲೇಶನ್ ರೂಮ್ ಮಾಡಿದ್ದು ಜೂನ್‌ನಲ್ಲಿ, ಅಲೆ ಇಳಿದ ಮೇಲೆ. ತಪ್ಪನ್ನು ಸರಿ ಅನ್ನುತ್ತಿಲ್ಲ. ಎರಡನ್ನೂ ಬರೆದುಕೊಳ್ಳಿ ಪೀಜಿ ಮೇಡಂ.

ಹಳೇ ಸ್ಟೆತ್

ನಾನು ಹಾಜರಿ ಹಾಕುತ್ತಿದ್ದವನು. ಜ್ವರದಲ್ಲಿ ಬಂದ ಹುಡುಗನನ್ನು ‘ಭಲೇ, ಡೆಡಿಕೇಶನ್’ ಅಂತ ಕ್ಲಾಸಿನಲ್ಲಿ ಹೊಗಳಿದ್ದೇನೆ, ಕೊರೊನಾಗೆ ಬಹಳ ಮೊದಲು. ಅದನ್ನೂ ಬರೆದುಕೊಳ್ಳಮ್ಮ.

ಪಿಎಸ್ಎಂ ಪೀಜಿ

ಎಲ್ಲಾ ಬರೆದುಕೊಂಡಿದ್ದೇನೆ. ಹೊಸ ಫಾರ್ಮಿನಲ್ಲಿ ರೋಲ್ ನಂಬರ್ ಇರುವುದಿಲ್ಲ, ನಮ್ಮ ಡಿಪಾರ್ಟ್‌ಮೆಂಟ್ ಕಳಿಸುವುದೂ ಇಲ್ಲ. ‘ಮಾಸ್ಕ್ ಹಾಕುತ್ತೀರಾ’ ಬದಲು ‘ನಿನ್ನೆ ಯಾರ ಎದುರು ತೆಗೆದಿರಿ’. ‘ಜ್ವರ ಬಂದರೆ ಏನು ಮಾಡುತ್ತೀರಿ’ ಬದಲು ‘ಕಳೆದ ಸಲ ಜ್ವರ ಬಂದಾಗ ಪೋಸ್ಟಿಂಗ್‌ಗೆ ಹೋದಿರಾ, ಹೋಗದಿದ್ದರೆ ಏನು ಕಳೆದುಕೊಳ್ಳುತ್ತಿದ್ದಿರಿ’. ಕಿಟಕಿ ಬಗ್ಗೆ ಒಂದು. ಚೀಫ್ ಬಗ್ಗೆ ಒಂದು, ಅದನ್ನು ಎಥಿಕ್ಸ್ ಕಮಿಟಿ ಪಾಸ್ ಮಾಡಿದರೆ ಎಲ್ಲರಿಗೂ ನನ್ನ ಕಡೆಯಿಂದ ಮಸಾಲೆ ದೋಸೆ.

ಮಂಡ್ಯ ಬೆಲ್ಲ

ದೋಸೆ ಸಿಗಲ್ಲ ಬಿಡಿ.

ರೂಮ್ 214

ಈಗ ತಾನೇ ಅವನಿಗೆ ಫೋನ್ ಮಾಡಿದೆ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಗೊತ್ತಿತ್ತು ಕಣೋ. ದಿನಾ ನಿನ್ನ ಡೋಲೋ ಸ್ಟ್ರಿಪ್ ಖಾಲಿ ಆಗುತ್ತಿದ್ದುದನ್ನು ನೋಡ್ತಿದ್ದೆ. ನಾನು ಬಾಯಿ ಬಿಟ್ಟಿದ್ದರೆ ನನ್ನನ್ನೂ ಕ್ವಾರಂಟೈನ್ ಮಾಡುತ್ತಿದ್ದರು. ನನಗೂ ಹಾಜರಿ ಇರಲಿಲ್ಲ’ ಅಂದ.

ಕರಾವಳಿ ಕಾಡೆ

ಅಯ್ಯೋ ದೇವರೇ.

ಹುಬ್ಳಿ ಗಿರ್ಮಿಟ್

ಡೋಲೋ 650ನಾ, 500ನಾ?